ಗಾಡಿ ನೀರಲ್ಲಿ ಮುಳುಗಿದ ಮೇಲೆ ಫ್ರಾಂಚೈಸಿ ಅಗ್ರಿಮೆಂಟ್ ಏನಾಗುತ್ತೆ?

ಇವತ್ತು ಮಾತಾಡ್ತಿರೋದು ಚಕ್ರದ ಮೇಲಿನ ವ್ಯಾಪಾರದ ಬಗ್ಗೆ. ಫುಡ್ ಟ್ರಕ್, ಟೀ ವ್ಯಾನ್, ಜ್ಯೂಸ್ ಗಾಡಿ, ಮನೆ ಬಾಗಿಲಿಗೆ ಬಂದು ಕಾರು ತೊಳೆಯೋ ವ್ಯಾನ್. ಅದರಲ್ಲೂ ಯಾವುದೋ ಬ್ರ್ಯಾಂಡ್‌ನ ಫ್ರಾಂಚೈಸಿ ತಗೊಂಡು ಓಡಿಸೋರ ಬಗ್ಗೆ. ಒಂದು ರಾತ್ರಿ ಮಳೆ ಬಂದು ಗಾಡಿ ಮುಳುಗಿತು ಅಂತಿಟ್ಕೊಳ್ಳಿ. ಕಂಪನಿಗೆ ಕೊಡಬೇಕಾದ ರಾಯಲ್ಟಿ ನಿಲ್ಲುತ್ತಾ? ಅಗ್ರಿಮೆಂಟ್ ಅಲ್ಲಿಗೆ ಮುಗಿಯುತ್ತಾ? ಕಟ್ಟಿದ ಫೀಸ್ ವಾಪಸ್ ಬರುತ್ತಾ? ಮೂರಕ್ಕೂ ಬಹುಪಾಲು ಉತ್ತರ ‘ಇಲ್ಲ’. ಯಾಕೆ ಇಲ್ಲ, ಎಲ್ಲಿ ಸ್ವಲ್ಪ ದಾರಿ ಇದೆ ಅನ್ನೋದೇ ಇವತ್ತಿನ ಸಂಚಿಕೆ.

ಬೆಂಗಳೂರಿನ ಪೂರ್ವ ಭಾಗದಲ್ಲಿ ಈ ಪ್ರಶ್ನೆ ಬರೀ ಪುಸ್ತಕದ್ದಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ ನಗರದಲ್ಲಿ 131.6 ಮಿಲಿಮೀಟರ್ ಮಳೆ ಸುರೀತು. ಹೊರವರ್ತುಲ ರಸ್ತೆ, ಬೆಳ್ಳಂದೂರು, ಮಹದೇವಪುರದ ಕಡೆ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಿಡಿಯೋ ನೀವೆಲ್ಲ ನೋಡಿರ್ತೀರಿ. 2025ರ ಮೇ 19ರ ಬೆಳಗ್ಗೆ ಮುಗಿದ 24 ಗಂಟೆಯಲ್ಲಿ ನೂರು ಮಿಲಿಮೀಟರ್ ದಾಟಿತು. ಕೆ.ಆರ್. ಪುರ ಕ್ಷೇತ್ರದ ಹೊರಮಾವು ಸಾಯಿ ಲೇಔಟ್ ಮತ್ತೆ ಕೆರೆಯಾಯ್ತು. ‘ಮತ್ತೆ’ ಅನ್ನೋ ಪದ ನೆನಪಿಟ್ಕೊಳ್ಳಿ. ಕಾನೂನಿನ ವಿಷಯಕ್ಕೆ ಬಂದಾಗ ಇದೇ ಪದ ನಮಗೆ ತೊಂದರೆ ಕೊಡುತ್ತೆ.

ಒಂದು ಉದಾಹರಣೆ ಕಟ್ಟೋಣ. ಇದು ನಾನು ಮಾಡ್ಕೊಂಡ ಲೆಕ್ಕ, ಯಾರ ಕಥೆಯೂ ಅಲ್ಲ. ಒಬ್ಬ ಹುಡುಗ ಒಂದು ಕಾಫಿ ಬ್ರ್ಯಾಂಡ್‌ನ ಫ್ರಾಂಚೈಸಿ ತಗೊಂಡ. ಫೀಸ್ 3 ಲಕ್ಷ. ಗಾಡಿ 9 ಲಕ್ಷ, ಅದರ ಮೇಲೆ ಬ್ಯಾಂಕ್ ಸಾಲ. ಒಳಗಿನ ಸ್ಟೀಲ್ ಕೆಲಸ, ಫ್ರಿಜ್, ಜನರೇಟರ್, ಬೋರ್ಡು ಎಲ್ಲ ಸೇರಿ 4 ಲಕ್ಷ. ಎಸ್ಪ್ರೆಸೊ ಮಷೀನ್ ಮಾತ್ರ ಕಂಪನಿಯದ್ದೇ, ಬಳಸೋಕೆ ಕೊಟ್ಟಿದ್ದು. ವ್ಯಾಪಾರದ 6 ಪರ್ಸೆಂಟ್ ರಾಯಲ್ಟಿ, ಆದರೆ ತಿಂಗಳಿಗೆ ಕನಿಷ್ಠ 15,000 ರೂಪಾಯಿ. ಸಂಜೆ ವ್ಯಾಪಾರ ಇಂದಿರಾನಗರದ ನೂರಡಿ ರಸ್ತೆ ಸುತ್ತಮುತ್ತ. ಹಾಲು, ಡಿಕಾಕ್ಷನ್ ತಯಾರಿಗೆ ಹಲಸೂರಿನಲ್ಲಿ ಒಂದು ಸಣ್ಣ ಬಾಡಿಗೆ ಕಿಚನ್. ರಾತ್ರಿ ಗಾಡಿ ನಿಲ್ಲಿಸೋದು ಹೊರಮಾವು ಕಡೆ ಒಂದು ಖಾಲಿ ಸೈಟಲ್ಲಿ, ಯಾಕಂದ್ರೆ ಅಲ್ಲಿ ಬಾಡಿಗೆ ಕಡಿಮೆ. ಖಾಲಿ ಸೈಟು ಕಡಿಮೆಗೆ ಸಿಗೋದಕ್ಕೆ ಎಷ್ಟೋ ಸಲ ಅದು ತಗ್ಗಿನಲ್ಲಿರೋದೇ ಕಾರಣ. ಅದು ಗೊತ್ತಾಗೋದು ಮಳೆ ಬಂದ ಮೇಲೆ.

ಮಳೆ ಬಂತು. ಗಾಡಿಯ ಡ್ಯಾಶ್‌ಬೋರ್ಡ್ ತನಕ ನೀರು. ಈಗ ಅಗ್ರಿಮೆಂಟ್ ತೆಗೀರಿ.

ಭಾರತದಲ್ಲಿ ಫ್ರಾಂಚೈಸಿಗೆ ಅಂತ ಪ್ರತ್ಯೇಕ ಕಾನೂನಿಲ್ಲ. ಹಳೇ ಸೇವಾ ತೆರಿಗೆ ಕಾನೂನಲ್ಲಿ ಆ ಪದಕ್ಕೆ ಒಂದು ವ್ಯಾಖ್ಯೆ ಇತ್ತು. ನಮ್ಮ ಕಷ್ಟಕ್ಕೆ ಹೆಸರು ಕೊಟ್ಟವರೂ ತೆರಿಗೆಯವರೇ ನೋಡಿ. ಹಾಗಾಗಿ ಎಲ್ಲದಕ್ಕೂ ಆಧಾರ 1872ರ ಭಾರತೀಯ ಕರಾರು ಕಾಯ್ದೆ ಮತ್ತು ನೀವು ಸೈನ್ ಹಾಕಿದ ಆ ಮೂವತ್ತು ನಲವತ್ತು ಪುಟ. ಕಾಯ್ದೆಯ ಸೆಕ್ಷನ್ 56 ಹೇಳೋದು ಇಷ್ಟು: ಕರಾರು ಮಾಡ್ಕೊಂಡ ಮೇಲೆ, ನಿಮ್ಮ ಕೈಮೀರಿದ ಕಾರಣದಿಂದ ಆ ಕೆಲಸ ಮಾಡೋದು ಅಸಾಧ್ಯ ಆದರೆ ಕರಾರು ಅಲ್ಲಿಗೆ ರದ್ದು. ಇದನ್ನ ಓದಿದ ಕೂಡಲೇ ಎಲ್ಲರಿಗೂ ಸಮಾಧಾನ ಆಗುತ್ತೆ. ಗಾಡಿನೇ ಇಲ್ಲ, ಇನ್ನೆಲ್ಲಿ ವ್ಯಾಪಾರ, ಅಸಾಧ್ಯ ಅಲ್ವಾ ಅಂತ.

ಕೋರ್ಟ್ ಹಾಗೆ ಯೋಚಿಸಲ್ಲ. 1861ರಲ್ಲಿ ಲಂಡನ್ನಿನಲ್ಲಿ ಒಂದು ಸಂಗೀತ ಸಭಾಂಗಣವನ್ನ ಬಾಡಿಗೆಗೆ ಗೊತ್ತು ಮಾಡಿದ್ದರು, ಕಾರ್ಯಕ್ರಮಕ್ಕೆ ಮುಂಚೆ ಅದು ಸುಟ್ಟುಹೋಯ್ತು. ಟೇಲರ್ ವರ್ಸಸ್ ಕಾಲ್ಡ್‌ವೆಲ್ ಅನ್ನೋ ಆ ಪ್ರಕರಣದಲ್ಲಿ ಕೋರ್ಟ್ ಎರಡೂ ಕಡೆಯವರನ್ನ ಬಿಡುಗಡೆ ಮಾಡ್ತು, ಯಾಕಂದ್ರೆ ಕರಾರು ಇದ್ದದ್ದೇ ಆ ಒಂದು ಕಟ್ಟಡದ ಬಗ್ಗೆ. ನಮ್ಮ ಕಾಫಿ ಹುಡುಗನ ಕರಾರು ಯಾವುದರ ಬಗ್ಗೆ? ಕೆಎ-53 ನಂಬರಿನ ಆ ಗಾಡಿ ಬಗ್ಗೆ ಅಂದ್ಕೊಂಡ್ರೆ ತಪ್ಪು. ಬ್ರ್ಯಾಂಡ್ ಹೆಸರು ಬಳಸೋ ಹಕ್ಕು, ಒಂದು ಏರಿಯಾ, ಐದು ವರ್ಷದ ಅವಧಿ, ಕರಾರು ಇರೋದು ಇವುಗಳ ಬಗ್ಗೆ. ಬ್ರ್ಯಾಂಡ್ ಮುಳುಗಲಿಲ್ಲ, ಇಂದಿರಾನಗರ ಎಲ್ಲೂ ಹೋಗಲಿಲ್ಲ. ಗಾಡಿ ಇನ್ನೊಂದು ತರಬಹುದು. ಅದಕ್ಕೆ ದುಡ್ಡಿಲ್ಲ ಅನ್ನೋದು ನಿಮ್ಮ ಕಷ್ಟ. ಕಾನೂನಿನ ಭಾಷೆಯಲ್ಲಿ ಅದಕ್ಕೆ ‘ಅಸಾಧ್ಯ’ ಅನ್ನಲ್ಲ.

ನಮ್ಮ ಸುಪ್ರೀಂ ಕೋರ್ಟಿನ ಮಾತೂ ಇದೇ ದಾರಿಯದ್ದು. 1954ರ ಸತ್ಯವ್ರತ ಘೋಷ್ ಪ್ರಕರಣ ಅಂತ ವಕೀಲರು ಹೇಳ್ತಾರಲ್ಲ, ಅದು ಕಲ್ಕತ್ತಾದ ಒಂದು ಲೇಔಟ್ ಕಥೆ. ಸೈಟ್ ಮಾರೋ ಕರಾರಾದ ಮೇಲೆ ಎರಡನೇ ಮಹಾಯುದ್ಧಕ್ಕೆ ಅಂತ ಸರ್ಕಾರ ಆ ಜಾಗವನ್ನ ತಾತ್ಕಾಲಿಕವಾಗಿ ವಶಕ್ಕೆ ತಗೊಂಡಿತು. ಇನ್ನು ಕರಾರು ಮುಗೀತು ಅಂತ ಕಂಪನಿ ವಾದ ಮಾಡ್ತು. ಕೋರ್ಟ್ ಒಪ್ಪಲಿಲ್ಲ. ಅಡಚಣೆ ತಾತ್ಕಾಲಿಕ, ಕೆಲಸ ಮುಗಿಸೋಕೆ ಇಂತಿಷ್ಟೇ ದಿನ ಅಂತಲೂ ಬರೆದಿರಲಿಲ್ಲ, ಹಾಗಾಗಿ ಕರಾರಿನ ಬುಡವೇ ಹೋಗಿಲ್ಲ ಅಂತು. 1960ರಲ್ಲಿ ಇನ್ನೊಂದು ಪ್ರಕರಣ, ಸೈನ್ಯಕ್ಕೆ ತುಪ್ಪ ಒದಗಿಸೋ ಏಜೆಂಟರದ್ದು. ಯುದ್ಧದಿಂದ ಪರಿಸ್ಥಿತಿ ಬದಲಾಗಿದೆ, ಹೆಚ್ಚು ಕೊಡಿ ಅಂದ್ರು. ನಡೆಸೋದು ದುಬಾರಿಯಾಯ್ತು ಅನ್ನೋ ಕಾರಣಕ್ಕೆ ಕರಾರು ಬದಲಾಗಲ್ಲ ಅಂತ ತೀರ್ಪು ಬಂತು. 2017ರ ಎನರ್ಜಿ ವಾಚ್‌ಡಾಗ್ ಪ್ರಕರಣದಲ್ಲಿ ಇಂಡೋನೇಷ್ಯಾದ ಕಲ್ಲಿದ್ದಲು ಬೆಲೆ ಏರಿದಾಗಲೂ ಅದೇ ಉತ್ತರ. ಜೊತೆಗೆ ಆ ತೀರ್ಪು ಇನ್ನೊಂದು ವಿಷಯ ಸ್ಪಷ್ಟ ಮಾಡ್ತು: ಕರಾರಿನಲ್ಲೇ ‘ಫೋರ್ಸ್ ಮೆಜರ್’ ಅನ್ನೋ ಷರತ್ತು ಇದ್ದರೆ ಅದನ್ನೇ ನೋಡಬೇಕು, ಅದು ಸೆಕ್ಷನ್ 32ರ ವ್ಯಾಪ್ತಿ. ಹಾಗೇನೂ ಬರೆದಿಲ್ಲದಿದ್ದರೆ ಮಾತ್ರ 56.

ಹಾಗಾಗಿ ಮೊದಲು ಹುಡುಕಬೇಕಾದ್ದು ಫೋರ್ಸ್ ಮೆಜರ್ ಪುಟ. ಸಾಮಾನ್ಯವಾಗಿ ಕೊನೆಯ ಹಾಳೆಗಳಲ್ಲಿ, ಎಲ್ಲರಿಗೂ ಓದಿ ಸುಸ್ತಾಗಿರೋ ಕಡೆ ಇರುತ್ತೆ. ಅಲ್ಲಿ ‘ಪ್ರವಾಹ’ ಅನ್ನೋ ಪದ ಇದೆಯಾ ನೋಡಿ. ಇದ್ದರೆ ಅದರ ಕೆಳಗಿನ ಸಾಲನ್ನೂ ಓದಿ, ಕುತ್ತಿಗೆ ಹಿಡಿಯೋದು ಆ ಸಾಲೇ. ಎಷ್ಟೋ ಅಗ್ರಿಮೆಂಟ್‌ಗಳಲ್ಲಿ ‘ಹಣ ಪಾವತಿಯ ಹೊಣೆಗೆ ಇದು ಅನ್ವಯಿಸುವುದಿಲ್ಲ’ ಅಂತ ಒಂದು ಸಾಲು ಸೇರಿಸಿರ್ತಾರೆ. ಅಂದ್ರೆ ಪ್ರವಾಹ ಬಂದಾಗ ಅಂಗಡಿ ತೆಗೀದಿದ್ದರೆ ನಿಮ್ಮ ಮೇಲೆ ತಪ್ಪಿಲ್ಲ, ಆದರೆ ಕನಿಷ್ಠ ರಾಯಲ್ಟಿ ಮಾತ್ರ ತಿಂಗಳಾ ತಿಂಗಳಾ ಬರ್ತಾ ಇರಬೇಕು.

ನಮ್ಮ ಉದಾಹರಣೆಯಲ್ಲೇ ಲೆಕ್ಕ ಹಾಕೋಣ. ಗಾಡಿ ಮೂರು ತಿಂಗಳು ಗ್ಯಾರೇಜಲ್ಲಿ. ರಾಯಲ್ಟಿ ಬರೀ 6 ಪರ್ಸೆಂಟ್ ಆಗಿದ್ದರೆ ಸೊನ್ನೆ ವ್ಯಾಪಾರಕ್ಕೆ ಸೊನ್ನೆ ರಾಯಲ್ಟಿ. ‘ಕನಿಷ್ಠ 15,000’ ಇರೋದ್ರಿಂದ 45,000, ಅದರ ಮೇಲೆ ಶೇ 18 ಜಿಎಸ್‌ಟಿ 8,100, ಒಟ್ಟು 53,100. ಒಂದು ಕಪ್ ಕಾಫಿಯೂ ಮಾರದೆ ಇಷ್ಟು. ಬ್ಯಾಂಕ್ ಇಎಂಐ, ಹಲಸೂರಿನ ಕಿಚನ್ ಬಾಡಿಗೆ ಬೇರೆ. ವಿಪತ್ತಿನ ತಿಂಗಳಲ್ಲೂ ಕನಿಷ್ಠ ರಾಯಲ್ಟಿ ವಸೂಲಿ ಮಾಡೋದು ಅನ್ಯಾಯ ಅನ್ನೋದು ನನ್ನ ಅಭಿಪ್ರಾಯ. ಆದರೆ ಇಬ್ಬರು ವ್ಯಾಪಾರಿಗಳು ಒಪ್ಪಿ ಬರೆದದ್ದನ್ನ ಕೋರ್ಟ್ ನನ್ನ ಅಭಿಪ್ರಾಯ ಕೇಳಿ ತಿದ್ದಲ್ಲ.

ಇನ್ನು ‘ಮತ್ತೆ’ ಅನ್ನೋ ಪದಕ್ಕೆ ಬರ್ತೀನಿ. ಫೋರ್ಸ್ ಮೆಜರ್ ಷರತ್ತಲ್ಲಿ ‘ಮುನ್ನೆಚ್ಚರಿಕೆ ವಹಿಸಿದರೂ ತಪ್ಪಿಸಲಾಗದ ಘಟನೆ’ ಅನ್ನೋ ಅರ್ಥದ ಮಾತು ಸಾಮಾನ್ಯ. ಕಂಪನಿಯ ವಕೀಲರು ಕೇಳೋದು ಹೀಗೆ: ಸಾಯಿ ಲೇಔಟ್ ಕಡೆ ಹಿಂದೆಯೂ ನೀರು ನುಗ್ಗಿತ್ತು, ಪೇಪರಲ್ಲಿ ಬಂದಿತ್ತು, ಮಳೆಯ ಎಚ್ಚರಿಕೆ ಕೊಟ್ಟಿದ್ದರು, ಆದರೂ ಗಾಡಿ ಅಲ್ಲೇ ಯಾಕೆ ನಿಲ್ಲಿಸಿದ್ರಿ? ಇದು ಸುಲಭಕ್ಕೆ ತಳ್ಳಿಹಾಕೋ ಪ್ರಶ್ನೆ ಅಲ್ಲ. ಮನೆಯನ್ನ ಎತ್ತಿಟ್ಟುಕೊಳ್ಳೋಕೆ ಆಗಲ್ಲ, ಗಾಡಿಗೆ ಚಕ್ರ ಇದೆ. ಚಕ್ರದ ವ್ಯಾಪಾರಕ್ಕೆ ಪ್ರವಾಹದ ನೆಪ ಹೇಳೋದು ಅಂಗಡಿಗಿಂತ ಕಷ್ಟ ಆಗೋದು ಇಲ್ಲೇ. ನಿಮ್ಮ ಕಡೆ ಉತ್ತರ ಇರಬೇಕು: ಆ ರಾತ್ರಿ ಎಷ್ಟು ಹೊತ್ತಿಗೆ ನೀರು ಏರಿತು, ರಸ್ತೆ ಯಾವಾಗ ಬಂದ್ ಆಯ್ತು, ಆ ಸೈಟಲ್ಲಿ ಹಿಂದೆ ನೀರು ನಿಂತಿತ್ತಾ ಇಲ್ವಾ. ಮಳೆಯ ಪ್ರಮಾಣಕ್ಕೆ ಹವಾಮಾನ ಇಲಾಖೆಯ ಅಂಕಿಅಂಶ ಇದೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ಬೇರೆ ಬೇರೆ ಭಾಗಗಳಲ್ಲಿವೆ. ಇಡೀ ಬೆಂಗಳೂರಿನ ಅಂಕಿಗಿಂತ ನಿಮ್ಮ ಏರಿಯಾದ ಅಂಕಿ ತೂಕದ್ದು.

ಫೋನಲ್ಲಿ ವಿಡಿಯೋ ತೆಗೀತೀರಲ್ಲ, ಅದರ ಬಗ್ಗೆ ಒಂದು ಮಾತು. ವಾಟ್ಸಾಪಲ್ಲಿ ಹತ್ತು ಕಡೆ ತಿರುಗಿ ಬಂದ ಕಾಪಿಗೆ ಬೆಲೆ ಕಡಿಮೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯನ್ನ ಕೋರ್ಟಿಗೆ ಕೊಡುವಾಗ ಅದರ ಜೊತೆ ಪ್ರಮಾಣಪತ್ರ ಕೊಡಬೇಕು. ಮೂಲ ಫೈಲ್, ತೆಗೆದ ಫೋನ್ ಎರಡನ್ನೂ ಉಳಿಸ್ಕೊಳ್ಳಿ. ಫೋನ್ ಎಕ್ಸ್‌ಚೇಂಜ್ ಆಫರ್ ಬಂತು ಅಂತ ಕೊಟ್ಟುಬಿಡಬೇಡಿ.

ಫೋರ್ಸ್ ಮೆಜರ್ ಷರತ್ತಿಗೆ ಗಡುವೂ ಇರುತ್ತೆ. ಘಟನೆ ಆದ ಇಷ್ಟು ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು ಅಂತ. ಏಳು ದಿನ ಅಂತಿದ್ದರೆ ಏಳೇ ದಿನ. ನೋಟಿಸ್ ಯಾವ ವಿಳಾಸಕ್ಕೆ, ಯಾವ ಇಮೇಲ್‌ಗೆ ಅನ್ನೋದೂ ಅಗ್ರಿಮೆಂಟಲ್ಲೇ ಇದೆ. ಏರಿಯಾ ಮ್ಯಾನೇಜರ್‌ಗೆ ಫೋನ್ ಮಾಡಿ, ಅವರು ‘ಆಯ್ತು ಬಿಡಿ ಬ್ರೋ, ನಾವು ನೋಡ್ಕೋತೀವಿ’ ಅಂದ್ರು ಅನ್ನೋದು ನೋಟಿಸ್ ಆಗಲ್ಲ. ಆ ಮಾತನ್ನೇ ಇಮೇಲಲ್ಲಿ ತರಿಸ್ಕೊಂಡ್ರೆ ಆಗ ಕಥೆ ಬೇರೆ. ಕರಾರು ಕಾಯ್ದೆಯ ಸೆಕ್ಷನ್ 63 ಪ್ರಕಾರ, ಬರಬೇಕಾದ್ದನ್ನ ಪೂರ್ತಿಯೋ ಅರ್ಧವೋ ಬಿಟ್ಟುಕೊಡೋಕೆ, ಗಡುವು ಮುಂದೂಡೋಕೆ ಕಂಪನಿಗೆ ಅಧಿಕಾರ ಇದೆ, ಅದಕ್ಕೆ ಬದಲಾಗಿ ನೀವು ಏನೂ ಕೊಡಬೇಕಾಗಿಲ್ಲ. ಹಾಗಾಗಿ ಕೇಳೋಕೆ ಸಂಕೋಚ ಬೇಡ. ಕೇಳುವಾಗ ‘ದಯವಿಟ್ಟು ಸಹಾಯ ಮಾಡಿ’ ಅಂತಷ್ಟೇ ಬರೀಬೇಡಿ. ಎಷ್ಟು ತಿಂಗಳ ರಾಯಲ್ಟಿ ಮನ್ನಾ, ಗಾಡಿ ವಾಪಸ್ ರಸ್ತೆಗೆ ಇಳಿಸೋಕೆ ಎಷ್ಟು ದಿನ, ನಿಂತ ತಿಂಗಳುಗಳನ್ನ ಐದು ವರ್ಷದ ಅವಧಿಗೆ ಸೇರಿಸ್ತಾರಾ, ಅಲ್ಲಿಯ ತನಕ ನಿಮ್ಮ ಏರಿಯಾಗೆ ಬೇರೆಯವರನ್ನ ಬಿಡಲ್ಲ ಅಂತ ಒಪ್ತಾರಾ, ಎಲ್ಲ ಬಿಡಿಸಿ ಬರೀರಿ. ಕೊನೆಯದ್ದನ್ನ ಹೆಚ್ಚಿನವರು ಮರೀತಾರೆ. ಗಾಡಿ ರಿಪೇರಿಯಾಗಿ ಬರೋ ಹೊತ್ತಿಗೆ ಅದೇ ಬ್ರ್ಯಾಂಡ್‌ನ ಇನ್ನೊಂದು ಗಾಡಿ ಅದೇ ಮೂಲೆಯಲ್ಲಿ ನಿಂತಿರಬಹುದು.

ಕಂಪನಿಯ ಎಸ್ಪ್ರೆಸೊ ಮಷೀನ್ ಕಥೆ ಏನು? ಬೇರೆಯವರ ವಸ್ತು ನಿಮ್ಮ ಸುಪರ್ದಿಯಲ್ಲಿದ್ದಾಗ ಸೆಕ್ಷನ್ 151, 152 ಬರುತ್ತೆ. ವಿವೇಕ ಇರೋ ಮನುಷ್ಯ ತನ್ನ ವಸ್ತುವನ್ನ ನೋಡ್ಕೊಳ್ಳೋ ಹಾಗೆ ನೋಡ್ಕೊಂಡಿದ್ದರೆ ಹಾನಿಗೆ ನೀವು ಹೊಣೆ ಅಲ್ಲ. ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಅದೇ ಸೆಕ್ಷನ್ನಿನಲ್ಲಿ ‘ಬೇರೆ ಕರಾರು ಇಲ್ಲದಿದ್ದರೆ’ ಅನ್ನೋ ಅರ್ಥದ ಮಾತೂ ಇದೆ. ‘ಯಾವುದೇ ಕಾರಣದಿಂದ ಹಾನಿಯಾದರೂ ಪೂರ್ತಿ ಬೆಲೆ ಕೊಡಬೇಕು’ ಅಂತ ನೀವು ಸೈನ್ ಹಾಕಿದ್ದರೆ ಅದೇ ಆ ಬೇರೆ ಕರಾರು.

ಇನ್ಶೂರೆನ್ಸ್ ಇದೆಯಲ್ಲ ಅಂತೀರಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಆಗಿದ್ದರೆ ನಿಮ್ಮ ಗಾಡಿಗೆ ಒಂದು ರೂಪಾಯಿಯೂ ಇಲ್ಲ. ಸ್ವಂತ ಹಾನಿಯ ಭಾಗ ಇದ್ದರೆ ಪ್ರವಾಹ ಅದರಲ್ಲಿ ಸೇರಿದೆ. ಆದರೆ ಎರಡು ಗುಂಡಿ ಇವೆ. ನೀರಲ್ಲಿ ನಿಂತ ಗಾಡಿಯನ್ನ ಸ್ಟಾರ್ಟ್ ಮಾಡೋಕೆ ಹೋಗಿ ಎಂಜಿನ್ ಒಳಗೆ ನೀರು ಎಳೆದುಕೊಂಡು ಕೆಟ್ಟರೆ, ಅದು ಆಮೇಲೆ ಆದ ಹಾನಿ ಅಂತ ಕಂಪನಿಗಳು ತಕರಾರು ತೆಗೀತಾವೆ. ಎಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ಕವರ್ ಮಾರೋದೇ ಇದಕ್ಕೆ. ನೀರು ಇಳಿದ ಮೇಲೂ ಕೀ ತಿರುಗಿಸಬೇಡಿ, ಟೋ ಮಾಡಿಸಿ. ಎರಡನೇ ಗುಂಡಿ ಇನ್ನೂ ಆಳ. ಪಾಲಿಸಿಯಲ್ಲಿರೋದು ಗಾಡಿಯ ಬೆಲೆ. ಒಳಗಿನ 4 ಲಕ್ಷದ ಕಿಚನ್ ಅದರಲ್ಲಿ ಘೋಷಿಸಿಲ್ಲದಿದ್ದರೆ ಅದು ಲೆಕ್ಕಕ್ಕೇ ಇಲ್ಲ. ಸರಕು ಸಾಗಣೆ ಗಾಡಿಯನ್ನ ಫುಡ್ ಟ್ರಕ್ ಮಾಡಿಸಿ ಆ ಬದಲಾವಣೆಯನ್ನ ಆರ್‌ಸಿಯಲ್ಲಿ ಸೇರಿಸದೆ ಬಿಟ್ಟಿದ್ದರೆ ಕ್ಲೇಮಿಗೂ ತೊಂದರೆ. ಇಂದಿರಾನಗರ ಆರ್‌ಟಿಒ ಆಗಲಿ ಕೆ.ಆರ್. ಪುರ ಆರ್‌ಟಿಒ ಆಗಲಿ, ನಿಮ್ಮ ಗಾಡಿ ಎಲ್ಲಿಯದೋ ಅಲ್ಲಿ ಹೋಗಿ ಇದನ್ನ ಮೊದಲೇ ಸರಿ ಮಾಡಿಸಿರಬೇಕು. ಹಲಸೂರಿನ ಕಿಚನ್ ಒಳಗಿನ ಫ್ರಿಜ್, ಸಾಮಾನಿಗೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಅನ್ನೋ ಪಾಲಿಸಿ ಇದೆ. 2021ರ ಏಪ್ರಿಲ್‌ನಿಂದ ಬಂದದ್ದು, 5 ಕೋಟಿವರೆಗಿನ ಆಸ್ತಿ ಇರೋ ಸಣ್ಣ ವ್ಯಾಪಾರಕ್ಕೆ, ಪ್ರವಾಹವೂ ಸೇರಿ.

ಕ್ಲೇಮ್ ತಿರಸ್ಕಾರ ಆದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ವ್ಯಾಪಾರಿ ತಗೊಂಡ ಇನ್ಶೂರೆನ್ಸ್ ಕೂಡ ನಷ್ಟ ತುಂಬಿಕೊಳ್ಳೋಕೆ ಇರೋದು, ಲಾಭಕ್ಕಲ್ಲ, ಹಾಗಾಗಿ ಅವರೂ ಗ್ರಾಹಕರೇ ಅಂತ 2023ರ ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫ್ರಾಂಚೈಸಿ ಕಂಪನಿ ವಿರುದ್ಧ ಅದೇ ದಾರಿ ಅಷ್ಟು ಸಲೀಸಿಲ್ಲ. ಹೊಟ್ಟೆಪಾಡಿನ ಸ್ವಯಂ ಉದ್ಯೋಗ ಅಂತ ನೀವು ತೋರಿಸ್ಬೇಕು, ಅವರು ಇದು ವ್ಯಾಪಾರ ಅಂತಾರೆ.

ಇನ್ನು ಎಲ್ಲಕ್ಕಿಂತ ಅಪಾಯದ ಜಾಗ. ಅಗ್ರಿಮೆಂಟ್ ದಿನ ಕಂಪನಿಗೆ ಹನ್ನೆರಡು ಮುಂಗಡ ಚೆಕ್ ಕೊಟ್ಟಿದ್ದೀರಾ? ಅಥವಾ ಫೋನಲ್ಲೇ ಆಟೋ ಡೆಬಿಟ್‌ಗೆ ಒಪ್ಪಿಗೆ ಒತ್ತಿದ್ದೀರಾ? ವ್ಯಾಪಾರ ನಿಂತ ತಿಂಗಳಲ್ಲೂ ಅವರು ಚೆಕ್ ಹಾಕ್ತಾರೆ. ಬೌನ್ಸ್ ಆದರೆ ಸಿವಿಲ್ ಜಗಳ ಕ್ರಿಮಿನಲ್ ಆಗುತ್ತೆ, ಚೆಕ್ ಬೌನ್ಸ್‌ನ ಸೆಕ್ಷನ್ 138. ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟು ತನಕ ದಂಡ, ಅಥವಾ ಎರಡೂ. ‘ಸ್ಟಾಪ್ ಪೇಮೆಂಟ್’ ಮಾಡಿಸಿದ ಮಾತ್ರಕ್ಕೆ ತಪ್ಪಿಸ್ಕೊಳ್ಳೋಕೂ ಆಗಲ್ಲ. ಆಟೋ ಡೆಬಿಟ್ ವಿಫಲ ಆದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ ಸೆಕ್ಷನ್ 25ರಲ್ಲಿ ಇದೇ ಶಿಕ್ಷೆ. ಚೆಕ್ ವಾಪಸ್ ಬಂದದ್ದು ತಿಳಿದ 30 ದಿನದೊಳಗೆ ಅವರು ನೋಟಿಸ್ ಕಳಿಸ್ಬೇಕು, ಅದು ಕೈಗೆ ಸಿಕ್ಕ 15 ದಿನದೊಳಗೆ ನೀವು ಕಟ್ಟಿದರೆ ಕೇಸ್ ಇಲ್ಲ. ಚೆಕ್ ಇದೆ ಅಂದ್ರೆ ಸಾಲ ಇತ್ತು ಅಂತಲೇ ಕಾನೂನು ಊಹಿಸುತ್ತೆ, ಇರಲಿಲ್ಲ ಅಂತ ತೋರಿಸೋ ಭಾರ ನಿಮ್ಮದು. ರಾಯಲ್ಟಿ ಮನ್ನಾ ಇಮೇಲ್ ಕೈಯಲ್ಲಿರಬೇಕು ಅಂತ ನಾನು ಹಟ ಹಿಡಿದದ್ದು ಇದಕ್ಕೇ. ಮನ್ನಾ ಆಗಿದ್ದರೆ ಬಾಕಿಯೇ ಇಲ್ಲ ಅನ್ನೋಕೆ ಅದು ಆಧಾರ.

ರಿಪೇರಿ ಆಗೋ ತನಕ ಸುಮ್ನೆ ಕೂರೋದ್ಯಾಕೆ, ಶಿವಾಜಿನಗರದಲ್ಲಿ ಮಾವನ ತಳ್ಳುಗಾಡಿ ಇದೆ, ನಮ್ಮ ಹೆಸರಲ್ಲೇ ಕಾಫಿ ಮಾರ್ತೀವಿ ಅಂತ ಯೋಚನೆ ಬರುತ್ತೆ. ಅಗ್ರಿಮೆಂಟ್ ಚಾಲ್ತಿಯಲ್ಲಿರುವಾಗ ‘ಇದೇ ಬಗೆಯ ಬೇರೆ ವ್ಯಾಪಾರ ಮಾಡಬಾರದು’ ಅನ್ನೋ ಷರತ್ತು ನಿಲ್ಲುತ್ತೆ. 1995ರಲ್ಲಿ ಕೋಕ ಕೋಲಾ ಮತ್ತು ಗುಜರಾತ್ ಬಾಟ್ಲಿಂಗ್ ನಡುವಿನ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ, ಅದೂ ಫ್ರಾಂಚೈಸಿ ಅಗ್ರಿಮೆಂಟೇ. ಅವಧಿ ಮುಗಿದ ಮೇಲೂ ಮಾಡಬಾರದು ಅಂದ್ರೆ ಮಾತ್ರ ಸೆಕ್ಷನ್ 27 ಅಡ್ಡ ಬರುತ್ತೆ. ಮಾವನ ಗಾಡಿಯಲ್ಲಿ ನಿಲ್ಲೋಕೆ ಮುಂಚೆ ಅದಕ್ಕೂ ಲಿಖಿತ ಒಪ್ಪಿಗೆ ಕೇಳಿ.

ಕೊನೆಗೆ ಬೇಡಪ್ಪ, ಬಿಟ್ಟುಬಿಡ್ತೀನಿ ಅಂದ್ರೆ? ‘ಉಳಿದ ಮೂರು ವರ್ಷದ ರಾಯಲ್ಟಿ ಪೂರ್ತಿ ಕಟ್ಟಿ, ಡೆಪಾಸಿಟ್ಟೂ ವಾಪಸ್ ಇಲ್ಲ’ ಅಂತ ಪತ್ರ ಬರುತ್ತೆ. ಹೆದರಿ ತಕ್ಷಣ ಕಟ್ಟಬೇಡಿ. ಕಾಗದದಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ಸೆಕ್ಷನ್ 74 ಪ್ರಕಾರ ಸಿಗೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ. ನಷ್ಟವೇ ಆಗದೆ ಮುಂಗಡ ಮುಟ್ಟುಗೋಲು ಹಾಕೋಕೆ ಆಗಲ್ಲ ಅಂತ 2015ರ ಕೈಲಾಶ್ ನಾಥ್ ಪ್ರಕರಣದಲ್ಲಿ ತೀರ್ಮಾನ ಆಗಿದೆ. ನಿಮ್ಮ ಏರಿಯಾವನ್ನ ಮುಂದಿನ ತಿಂಗಳೇ ಇನ್ನೊಬ್ಬರಿಗೆ ಕೊಟ್ಟು ಅವರಿಂದ ಹೊಸ ಫೀಸ್ ತಗೊಂಡಿದ್ದರೆ ಕಂಪನಿಗೆ ಆದ ನಷ್ಟ ಎಷ್ಟು? ಅದನ್ನ ಪತ್ರದಲ್ಲೇ ಕೇಳಿ. ಜಗಳ ಆರ್ಬಿಟ್ರೇಷನ್‌ಗೆ ಹೋಗಬೇಕು, ಮಧ್ಯಸ್ಥರನ್ನ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರೇ ನೇಮಿಸ್ತಾರೆ ಅಂತ ಬರೆದಿದ್ದರೆ ಅದೂ ನಿಲ್ಲಲ್ಲ, 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಅದಕ್ಕೆ. ಆದರೆ ‘ಸ್ಥಳ: ದೆಹಲಿ’ ಅಂತಿದ್ದರೆ ಅದು ನಿಲ್ಲುತ್ತೆ. ಐವತ್ತು ಸಾವಿರದ ಜಗಳಕ್ಕೆ ದೆಹಲಿ ವಕೀಲರ ಫೀಸು, ವಿಮಾನದ ಟಿಕೆಟ್ಟು. ಸೈನ್ ಮಾಡೋ ಮುಂಚೆ ಒಂದೇ ಒಂದು ಬದಲಾವಣೆ ಕೇಳೋಕೆ ಅವಕಾಶ ಸಿಕ್ಕರೆ ನಾನಾದರೆ ‘ವಿಪತ್ತಿನ ತಿಂಗಳಿಗೆ ಕನಿಷ್ಠ ರಾಯಲ್ಟಿ ಇಲ್ಲ’ ಅಂತ ಕೇಳ್ತೀನಿ. ಎರಡು ಸಿಕ್ಕರೆ ‘ದೆಹಲಿ’ ಹೊಡೆದು ‘ಬೆಂಗಳೂರು’ ಬರೆಸ್ತೀನಿ.

ಚೆಕ್ ಬೌನ್ಸ್ ನೋಟಿಸ್‌ಗೆ ಆ 15 ದಿನದಲ್ಲಿ ಉತ್ತರ ಬರೆಯೋದು ಹೇಗೆ ಅನ್ನೋದು ಮುಂದಿನ ಸಂಚಿಕೆಯಲ್ಲಿ.